ಅಡ್ಹೀಷನ್ ಬ್ಯಾರಿಯರ್: ಎದೆಯೊಳಗಿನ ಅಂಟಿಗೆ ಅಡ್ಡ ಇಡುವ ಹಾಳೆ

ಉಸಿರಾಡಿದಾಗ ಶ್ವಾಸಕೋಶ, ಬಡಿದಾಗ ಹೃದಯ, ಎರಡೂ ತಮ್ಮ ಪೊರೆಯೊಳಗೆ ಜಾರುತ್ತಲೇ ಇರಬೇಕು. ಆಪರೇಷನ್‌ನಲ್ಲಿ ಆ ನುಣುಪು ಪೊರೆಗೆ ಗಾಯವಾದರೆ ರಕ್ತ ಹೆಪ್ಪುಗಟ್ಟಿಸುವ ಎಳೆಯಂಥ ಪ್ರೋಟೀನ್ ಫೈಬ್ರಿನ್ ಒಸರಿ, ಎದುರುಬದುರು ಮೇಲ್ಮೈಗಳು ಗಂಜಿ ಹಚ್ಚಿದಂತೆ ಅಂಟುತ್ತವೆ. ಮೊದಲ ಕೆಲವು ದಿನಗಳಲ್ಲೇ ದೇಹದ ಪ್ಲಾಸ್ಮಿನ್ ಎಂಬ ಕಿಣ್ವ ಆ ಫೈಬ್ರಿನ್ ಅನ್ನು ಕರಗಿಸಿದರೆ ಸರಿ. ಇಲ್ಲದಿದ್ದರೆ ಗಾಯ ಕಟ್ಟುವ ಫೈಬ್ರೊಬ್ಲಾಸ್ಟ್ ಕೋಶಗಳು ಬಂದು ಕೊಲಾಜೆನ್ ಎಂಬ ಗಟ್ಟಿ ನಾರು ಕಟ್ಟುತ್ತವೆ, ರಕ್ತನಾಳಗಳೂ ಬೆಳೆಯುತ್ತವೆ. ಈ ಗಟ್ಟಿ ಬೆಸುಗೆಯೇ ಅಡ್ಹೀಷನ್. ಹುಟ್ಟಿನಿಂದ ಹೃದಯದೋಷವಿರುವ ಮಗುವಿಗೆ ಮತ್ತೆ ಎದೆ ತೆರೆಯಬೇಕಾಗಿ ಬಂದಾಗ, ಎದೆಮೂಳೆಯ ಹಿಂಬದಿಗೆ ಅಂಟಿದ ಬಲ ಹೃತ್ಕುಕ್ಷಿ (ಹೃದಯದ ಬಲಭಾಗದ ಕೆಳಕೋಣೆ) ಮೂಳೆ ಕೊಯ್ಯುವ ಗರಗಸಕ್ಕೆ ಸಿಗಬಹುದೆಂಬ ಭಯ ಇದರಿಂದಲೇ.

ಎರಡು ಮೇಲ್ಮೈಗಳ ನಡುವೆ ಇಡುವ ಫಿಲ್ಮ್, ಜೆಲ್ ಅಥವಾ ಸ್ಪ್ರೇಗೆ ಅಡ್ಹೀಷನ್ ಬ್ಯಾರಿಯರ್ ಎನ್ನುತ್ತಾರೆ. ಪೊರೆಯ ಮೀಸೊಥೀಲಿಯಂ, ಅಂದರೆ ಮೇಲಿನ ನುಣುಪು ಕೋಶಗಳ ಪದರ, ಮತ್ತೆ ಬೆಳೆಯಲು ಸುಮಾರು ಒಂದು ವಾರ ಬೇಕು. ಬ್ಯಾರಿಯರ್ ಅಷ್ಟು ದಿನ ನಿಂತು, ಆಮೇಲೆ ಕರಗಬೇಕು. ಎರಡೇ ದಿನಕ್ಕೆ ಕರಗಿದರೆ ಹಾಕಿಯೂ ಹಾಕದಂತೆ. ಇ-ಪಿಟಿಎಫ್‌ಇ ಎಂಬ ಕರಗದ ಪ್ಲಾಸ್ಟಿಕ್ ಹಾಳೆ ಮೂಳೆಯನ್ನು ಹೃದಯದಿಂದ ದೂರವಿಡುತ್ತದೆ, ನಿಜ. ಆದರೆ ಅದರಡಿ ನಾರಿನ ದಪ್ಪ ಪದರ ಕಟ್ಟಿ ಹೃದಯಕ್ಕೇ ರಕ್ತ ಒದಗಿಸುವ ಕರೊನರಿ ರಕ್ತನಾಳಗಳು ಸರ್ಜನ್ ಕಣ್ಣಿಗೆ ಮರೆಯಾಗಬಹುದು.

ಬ್ಯಾರಿಯರ್ ಕೆಲಸ ಮಾಡುತ್ತದೆಯೇ ಎಂಬ ಪರೀಕ್ಷೆಗೆ ಹೆಚ್ಚಾಗಿ ಬಳಸುವುದು ಸುಮಾರು 3 ಕೆ.ಜಿ. ತೂಕದ ನ್ಯೂಜಿಲೆಂಡ್ ಬಿಳಿ ಮೊಲ. ಭಾರತದಲ್ಲಾದರೆ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಮೊದಲು. ಮೊಲಕ್ಕೆ ವಾಂತಿಯಾಗುವುದಿಲ್ಲ, ಹಾಗಾಗಿ ರಾತ್ರಿಯಿಡೀ ಉಪವಾಸ ಹಾಕಬೇಕಿಲ್ಲ. ಹಾಕಿದರೆ ಕರುಳಿನ ಚಲನೆಯೇ ಮಂದವಾಗುತ್ತದೆ. ಅರಿವಳಿಕೆ ಕೊಟ್ಟು, ಎದೆ ತೆರೆದು, ಪೆರಿಕಾರ್ಡಿಯಂ (ಹೃದಯದ ಸುತ್ತಲಿನ ಪೊರೆ) ಸೀಳಿ, ಹೃದಯದ ಮೇಲ್ಮೈಯಲ್ಲಿ ಅಳೆದು ಗುರುತಿಸಿದ ಜಾಗವನ್ನು ಒಣ ಗಾಜ್ ಬಟ್ಟೆಯಿಂದ ಎಣಿಸಿದಷ್ಟೇ ಸಲ ಉಜ್ಜುತ್ತಾರೆ. ಚುಕ್ಕಿಚುಕ್ಕಿಯಾಗಿ ರಕ್ತ ಜಿನುಗಬೇಕು. ಪರೀಕ್ಷೆಯ ಜೀವ ಇರುವುದು ಇಲ್ಲಿಯೇ. ಯಾವ ಮೊಲಕ್ಕೆ ಬ್ಯಾರಿಯರ್ ಎಂಬ ಚೀಟಿಯನ್ನು ಉಜ್ಜಿ ಮುಗಿದ ಮೇಲಷ್ಟೇ ತೆರೆಯಬೇಕು. ಮೊದಲೇ ಗೊತ್ತಾದರೆ ಕೈ ತನಗರಿವಿಲ್ಲದೆ ಹಗುರಾಗುತ್ತದೆ. ಕೊನೆಯ ಹೊಲಿಗೆ ಬಿಗಿಯುವ ಮುನ್ನ ಶ್ವಾಸಕೋಶ ಹಿಗ್ಗಿಸಿ, ಅದರ ಸುತ್ತ ಎದೆಗೂಡಿನಲ್ಲಿ ಸೇರಿದ ಗಾಳಿ ಹೊರಹಾಕಬೇಕು. ನೋವಿನ ಔಷಧ ಮರುದಿನವೂ ತಪ್ಪಬಾರದು.

ಕೆಡುವುದು ಸಣ್ಣ ವಿಷಯಗಳಲ್ಲಿ. ಹಯಲ್ಯುರೋನಿಕ್ ಆಮ್ಲ ಮತ್ತು ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಸೇರಿದ ಫಿಲ್ಮ್ ಒಣಗಿದ್ದಾಗ ಹಪ್ಪಳದಂತೆ ಮುರಿಯುತ್ತದೆ, ಒದ್ದೆ ಗ್ಲೌಸ್ ತಗುಲಿದರೆ ಅದಕ್ಕೇ ಅಂಟುತ್ತದೆ. ನಿಮಿಷಕ್ಕೆ 200 ಸಲ ಬಡಿಯುವ ಹೃದಯದ ಮೇಲೆ ಹಾಳೆ ಜಾರುತ್ತದೆ. ಜಾರದಿರಲೆಂದು ಹೊಲಿದರೆ ಆ ದಾರದ ಸುತ್ತಲೇ ಹೊಸ ಅಂಟು. ಪಾಲಿಎಥಿಲೀನ್ ಗ್ಲೈಕಾಲ್ ಹೈಡ್ರೊಜೆಲ್ (ನೀರು ಹಿಡಿದಿಡುವ ಲೋಳೆಯಂಥ ಪದಾರ್ಥ) ನೀರು ಹೀರಿ ಹಲವು ಪಟ್ಟು ಉಬ್ಬಬಲ್ಲದು. ಮೊಲದ ಪುಟ್ಟ ಪೆರಿಕಾರ್ಡಿಯಂನಲ್ಲಿ ಪದರ ದಪ್ಪವಾದರೆ ಹೃದಯವನ್ನೇ ಒತ್ತೀತು. ಪುಡಿ ಸವರಿದ ಗ್ಲೌಸ್ ಅಂತೂ ಬೇಡವೇ ಬೇಡ, ಆ ಪುಡಿಯೇ ಅಂಟು ಹುಟ್ಟಿಸುತ್ತದೆ. (ಶ್ವಾಸಕೋಶದ ಸುತ್ತ ಪದೇಪದೇ ನೀರು ತುಂಬುವ ರೋಗಿಗಳಿಗೆ ವೈದ್ಯರು ಟಾಲ್ಕ್ ಪುಡಿ ಹಾಕಿ ಬೇಕೆಂದೇ ಅಂಟಿಸುವುದುಂಟು. ಅದೇ ಎದೆ, ತದ್ವಿರುದ್ಧ ಗುರಿ.)

ಎರಡರಿಂದ ನಾಲ್ಕು ವಾರಗಳ ನಂತರ ದಯಾಮರಣ ಕೊಟ್ಟು ಎದೆ ತೆರೆಯುತ್ತಾರೆ, ಹಳೆಯ ಗಾಯದ ಗೆರೆ ಬಿಟ್ಟು ಬೇರೆ ಕಡೆಯಿಂದ. ಅದೇ ಗೆರೆಯಲ್ಲಿ ಕೊಯ್ದರೆ ಅಳೆಯಬೇಕಾದ ಅಂಟೇ ಕಿತ್ತುಬರುತ್ತದೆ. ಅಂಕ ಕೊಡುವವರಿಗೆ ಮೊಲ ಯಾವ ಗುಂಪಿನದು, ಬ್ಯಾರಿಯರ್ ಹಾಕಿದ್ದೋ ಹಾಕದ್ದೋ, ತಿಳಿದಿರಬಾರದು. ಅಂಟಿಲ್ಲದಿದ್ದರೆ 0, ಬೆರಳಿಗೆ ಬಿಡುವ ತೆಳು ಜಾಳು 1, ಒತ್ತಿ ಬಿಡಿಸಬೇಕಾದದ್ದು 2, ಕತ್ತರಿಯಿಲ್ಲದೆ ಬಿಡದಿದ್ದರೆ 3. ಅಂಟಿದ ವಿಸ್ತೀರ್ಣವನ್ನು ಬೇರೆಯಾಗಿ ಬರೆದುಕೊಳ್ಳುತ್ತಾರೆ. ಚಿಕ್ಕ ಜಾಗದ 3 ಮತ್ತು ಇಡೀ ಮೇಲ್ಮೈಯ 1 ಒಂದೇ ಅಲ್ಲ. ಅಂಟಿನ ತೆಳು ಚೂರಿಗೆ ಮ್ಯಾಸನ್ ಟ್ರೈಕ್ರೋಮ್ ಎಂಬ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಸ್ಲೈಡಿನಲ್ಲಿ ಕೊಲಾಜೆನ್ ನೀಲಿಯಾಗಿ ಕಾಣುತ್ತದೆ.

ಮೊದಲು ನೋಡಬೇಕಾದ್ದು ಏನೂ ಹಾಕದ ಗುಂಪಿನ ಅಂಕ. ಅಲ್ಲೇ ಬರೀ 0, 1 ಬಂದಿದ್ದರೆ ಬ್ಯಾರಿಯರ್ ಗುಂಪಿನ ಸೊನ್ನೆಗೆ ಬೆಲೆಯಿಲ್ಲ, ಉಜ್ಜಿದ್ದು ಸಾಲದು ಎಂದಷ್ಟೇ ಅರ್ಥ.