ಬಹುಮಾನ ತರುವ ಸುದ್ದಿ

ಡೋಪಮಿನ್ ಎಂದರೆ ಮಿದುಳಿನ ಸುಖದ ರಾಸಾಯನಿಕ ಎಂಬ ಮಾತು ಈಗ ಎಲ್ಲೆಲ್ಲೂ ಹಬ್ಬಿದೆ. ಮೊಬೈಲ್ ನೋಡಿದರೆ ಡೋಪಮಿನ್, ಸಿಹಿ ತಿಂದರೆ ಡೋಪಮಿನ್, ಯಾರಾದರೂ ಹೊಗಳಿದರೆ ಡೋಪಮಿನ್. ಅದು ಅತಿಯಾಯಿತೆಂದು ‘ಡೋಪಮಿನ್ ಉಪವಾಸ’ ಮಾಡಿಸುವವರೂ ಹುಟ್ಟಿಕೊಂಡಿದ್ದಾರೆ. ಈ ಕಥೆಯ ಪ್ರಕಾರ ಬಹುಮಾನ ನಮ್ಮನ್ನು ಕುಣಿಸುವುದು ಅದು ಖುಷಿ ಕೊಡುತ್ತದೆ ಎಂಬ ಒಂದೇ ಕಾರಣಕ್ಕೆ. ಹಾಗಾದರೆ ಲೆಕ್ಕ ಸುಲಭ: ಬಹುಮಾನ ದೊಡ್ಡದಾದಷ್ಟೂ ಕೆಲಸ ಜಾಸ್ತಿ. ಶಾಲೆಗಳು, ಕಂಪನಿಗಳು, ಸರ್ಕಾರಗಳು ಈ ಲೆಕ್ಕವನ್ನೇ ನಂಬಿ ಯೋಜನೆ ಹೂಡುತ್ತವೆ. ಪ್ರಯೋಗಾಲಯದಲ್ಲಿ ಕಂಡದ್ದೇ ಬೇರೆ. ಅದು ಈ ಕಥೆಗಿಂತ ಎಷ್ಟೋ ಪಾಲು ಸೊಗಸಾಗಿದೆ ಎಂಬುದು ನನ್ನ ಅನಿಸಿಕೆ.

ವೋಲ್ಫ್‌ರಾಮ್ ಶುಲ್ಟ್ಸ್ ಎಂಬ ನರವಿಜ್ಞಾನಿ ಕೋತಿಗಳ ನಡುಮಿದುಳಿಗೆ ಅತಿ ಸಪೂರವಾದ ವಿದ್ಯುದಗ್ರಗಳನ್ನು ಇಳಿಸಿ, ಡೋಪಮಿನ್ ಸ್ರವಿಸುವ ಒಂದೊಂದೇ ನರಕೋಶದ ಮಿಡಿತವನ್ನು ವರ್ಷಗಟ್ಟಲೆ ದಾಖಲಿಸಿದರು. ಈ ಕೋಶಗಳು ಸುಮ್ಮನಿರುವಾಗಲೂ ಸೆಕೆಂಡಿಗೆ ಕೆಲವು ಸಲ ಮಿಡಿಯುತ್ತಲೇ ಇರುತ್ತವೆ. ಮುಂದೆ ಇದು ಮುಖ್ಯವಾಗುತ್ತದೆ, ನೆನಪಿರಲಿ. ಏನೂ ಸುಳಿವಿಲ್ಲದೆ ಕೋತಿಯ ಬಾಯಿಗೆ ಒಂದು ಹನಿ ಹಣ್ಣಿನ ರಸ ಬಿದ್ದಾಗ ಕೋಶ ಒಮ್ಮೆಲೇ ಬಿರುಸಾಗಿ ಮಿಡಿಯಿತು. ಇಲ್ಲಿಯವರೆಗೆ ಸುಖದ ಕಥೆಗೆ ಅಡ್ಡಿಯಿಲ್ಲ. ಆಮೇಲೆ ರಸಕ್ಕೆ ಸ್ವಲ್ಪ ಮುಂಚೆ ಒಂದು ದೀಪ ಹೊತ್ತಿಸತೊಡಗಿದರು. ದೀಪ, ರಸ, ದೀಪ, ರಸ. ಹೀಗೆ ಹಲವು ಸಲ ಆದ ಮೇಲೆ ಕೋಶದ ಬಿರುಸು ದೀಪ ಹೊತ್ತಿದ ಕ್ಷಣಕ್ಕೆ ಜರುಗಿತು. ರಸ ಬಾಯಿಗೆ ಬಿದ್ದಾಗ ಏನೂ ಆಗಲಿಲ್ಲ. ರಸ ಅದೇ, ರುಚಿ ಅದೇ, ಕೋತಿ ಚಪ್ಪರಿಸಿ ಕುಡಿಯುವುದೂ ಅದೇ. ಆದರೆ ಕೋಶಕ್ಕೆ ಅದರಲ್ಲಿ ಹೊಸದೇನೂ ಇಲ್ಲ. ಮೂರನೆಯ ಹಂತ ಇನ್ನೂ ಚೆಂದ: ದೀಪ ಹೊತ್ತಿಸಿ ರಸ ಕೊಡಲಿಲ್ಲ. ರಸ ಬರಬೇಕಾಗಿದ್ದ ಹೊತ್ತಿಗೆ ಸರಿಯಾಗಿ ಕೋಶದ ಸಹಜ ಮಿಡಿತವೂ ಅಡಗಿತು. ಹೊರಗೆ ಏನೂ ನಡೆದಿಲ್ಲ, ಯಾವ ಸದ್ದೂ ಬೆಳಕೂ ಇಲ್ಲ. ಆದರೂ ಬಾರದೇ ಹೋದದ್ದನ್ನು ಆ ಕೋಶ ಗಡಿಯಾರ ನೋಡಿದಂತೆ ಗುರುತಿಸಿತು.

ತಕ್ಕಡಿಯ ಮುಳ್ಳು ತಟ್ಟೆಯಲ್ಲಿರುವ ತೂಕವನ್ನು ತೋರಿಸುವುದಿಲ್ಲ, ಎರಡು ತಟ್ಟೆಗಳ ನಡುವಿನ ಅಂತರವನ್ನು ತೋರಿಸುತ್ತದೆ. ಡೋಪಮಿನ್ ಕೋಶ ಅಂಥ ಮುಳ್ಳು. ಒಂದು ತಟ್ಟೆಯಲ್ಲಿ ನಿರೀಕ್ಷಿಸಿದ್ದು, ಇನ್ನೊಂದರಲ್ಲಿ ಸಿಕ್ಕಿದ್ದು. ಸಿಕ್ಕಿದ್ದು ಹೆಚ್ಚಾದರೆ ಮಿಡಿತ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ಇಳಿಯಲು ಜಾಗವಿರುವುದು ಸುಮ್ಮನಿರುವಾಗಲೂ ಮಿಡಿತ ಇರುವುದರಿಂದಲೇ. ಎರಡೂ ಸಮವಾದರೆ, ತಟ್ಟೆಗಳಲ್ಲಿ ಎಷ್ಟೇ ಭಾರವಿದ್ದರೂ ಮುಳ್ಳು ಅಲುಗದು. ಇದಕ್ಕೆ ನಿರೀಕ್ಷಾ ದೋಷ ಎಂದು ಹೆಸರು. ಕಲಿಕೆ ನಡೆಯುವುದು ಈ ದೋಷದ ಬಲದಿಂದ. ನಿರೀಕ್ಷೆ ಸೊನ್ನೆ ಇದ್ದಾಗ 10 ಅಂಶ ಸಿಕ್ಕಿತೆನ್ನಿ, ಅಂತರ 10. ಪ್ರತಿ ಸಲ ಅಂತರದ ಅರ್ಧದಷ್ಟು ನಿರೀಕ್ಷೆ ತಿದ್ದಿಕೊಳ್ಳುತ್ತದೆ ಎಂದಿಟ್ಟುಕೊಳ್ಳೋಣ. ಮುಂದಿನ ಸಲದ ನಿರೀಕ್ಷೆ 5, ಅಂತರವೂ 5. ಆಮೇಲೆ ನಿರೀಕ್ಷೆ 7.5, ಅಂತರ 2.5. ಬಹುಮಾನ ಪ್ರತಿ ಸಲವೂ ಅದೇ 10, ಅದು ಕಲಿಸುವ ಪಾಠ ಮಾತ್ರ ಕರಗುತ್ತಾ ಹೋಗುತ್ತದೆ. ಸಂಬಳ ಏರಿದ ಸಂಭ್ರಮ ಕೆಲವೇ ತಿಂಗಳಲ್ಲಿ ಆರಿಹೋಗುವುದು ಯಾಕೆ ಎಂಬುದರ ಒಂದು ಉತ್ತರ ಈ ಪುಟ್ಟ ಲೆಕ್ಕದಲ್ಲೇ ಇದೆ.

ಈ ಲೆಕ್ಕ ನರಕೋಶಗಳ ಈ ಪ್ರಯೋಗಕ್ಕಿಂತ ಹಳೆಯದು ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ. 1960ರ ದಶಕದ ಕೊನೆಯಲ್ಲಿ ಮನಃಶಾಸ್ತ್ರಜ್ಞ ಲಿಯಾನ್ ಕಾಮಿನ್ ಇಲಿಗಳಿಗೆ ಒಂದು ಸದ್ದು ಕೇಳಿಸಿದ ಮೇಲೆ ಸಣ್ಣ ಶಾಕ್ ಬರುವುದನ್ನು ಕಲಿಸಿದರು. ಅದು ಗಟ್ಟಿಯಾದ ಮೇಲೆ ಸದ್ದಿನ ಜೊತೆ ಬೆಳಕನ್ನೂ ಸೇರಿಸಿದರು. ಬೆಳಕಿನ ಬೆನ್ನಿಗೆ ಶಾಕ್ ಹಲವು ಸಲ ಬಂದರೂ, ಬೆಳಕನ್ನೊಂದೇ ತೋರಿಸಿದಾಗ ಇಲಿಗಳು ಹೆದರಲೇ ಇಲ್ಲವೆನ್ನಬೇಕು. ಸದ್ದು ಆಗಲೇ ಎಲ್ಲವನ್ನೂ ಹೇಳಿಬಿಟ್ಟಿತ್ತು, ಬೆಳಕು ಹೇಳಲು ಏನೂ ಉಳಿದಿರಲಿಲ್ಲ. ಎರಡು ಸಂಗತಿ ಒಟ್ಟೊಟ್ಟಿಗೆ ನಡೆದರೆ ಸಾಕು, ಮಿದುಳು ಗಂಟು ಹಾಕುತ್ತದೆ ಎಂಬ ಹಳೆಯ ನಂಬಿಕೆ ಅಲ್ಲಿಗೆ ಕುಸಿಯಿತು. 1972ರಲ್ಲಿ ರಾಬರ್ಟ್ ರೆಸ್ಕೋರ್ಲಾ ಮತ್ತು ಅಲನ್ ವ್ಯಾಗ್ನರ್ ಇದನ್ನು ಒಂದು ಸಾಲಿನ ಸಮೀಕರಣವಾಗಿಸಿದರು. ಯಂತ್ರಗಳಿಗೆ ಕಲಿಸುವ ದಾರಿ ಹುಡುಕುತ್ತಿದ್ದ ರಿಚರ್ಡ್ ಸಟನ್ ಮತ್ತು ಆಂಡ್ರ್ಯೂ ಬಾರ್ಟೊ 1980ರ ದಶಕದಲ್ಲಿ ಅದಕ್ಕೆ ಕಾಲದ ಆಯಾಮ ಕೊಟ್ಟರು, ಅಂದರೆ ಬಹುಮಾನ ಯಾವಾಗ ಬರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿದರು. ಪೀಟರ್ ಡಯಾನ್ ಮತ್ತು ರೀಡ್ ಮಾಂಟೆಗ್ಯೂ ಶುಲ್ಟ್ಸ್ ಅವರ ಕೋತಿಗಳ ದಾಖಲೆ ನೋಡಿದಾಗ ಅಲ್ಲಿ ಕಂಡದ್ದು ಆ ಕಂಪ್ಯೂಟರ್ ಸೂತ್ರದ ನಕ್ಷೆಯೇ! ಶುಲ್ಟ್ಸ್ ಮತ್ತು ಅವರಿಬ್ಬರು, ಮೂವರೂ ಸೇರಿ 1997ರಲ್ಲಿ ಬರೆದ ಪ್ರಬಂಧ ಮನಃಶಾಸ್ತ್ರ, ನರವಿಜ್ಞಾನ, ಗಣಕವಿಜ್ಞಾನ ಮೂರನ್ನೂ ಒಂದೇ ಎಳೆಯಲ್ಲಿ ಪೋಣಿಸಿತು.

ಹಾಗಾದರೆ ಸುಖ? ಅದು ಬಹುಮಟ್ಟಿಗೆ ಬೇರೆಯದೇ ವ್ಯವಸ್ಥೆ. ನರವಿಜ್ಞಾನಿ ಕೆಂಟ್ ಬೆರಿಡ್ಜ್ ಇಲಿಗಳ ಮಿದುಳಿನಲ್ಲಿ ಡೋಪಮಿನ್ ಹೆಚ್ಚುಕಡಿಮೆ ಇಲ್ಲವಾಗಿಸಿ ನೋಡಿದರು. ಆ ಇಲಿಗಳು ಆಹಾರ ಹುಡುಕಿಕೊಂಡು ಹೋಗುವುದನ್ನೇ ಬಿಟ್ಟವು. ಆದರೆ ಸಿಹಿಯನ್ನು ನೇರವಾಗಿ ಬಾಯಿಗೆ ಹಾಕಿದಾಗ ಮೊದಲಿನಂತೆಯೇ ತುಟಿ ನೆಕ್ಕಿಕೊಂಡವು. ಬಯಕೆ ಹೋಯಿತು, ಸವಿ ಉಳಿಯಿತು.

ಈಗ ಪೆಟ್ಟಿಗೆಯೊಳಗಿನ ಇಲಿ, ಪಾರಿವಾಳಗಳಿಗೆ ಬರೋಣ. ಮನಃಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್, ಸನ್ನೆ ಒತ್ತಿದರೆ ಆಹಾರ ಬೀಳುವ ಪೆಟ್ಟಿಗೆಯ ಪ್ರಯೋಗ ಶುರು ಮಾಡಿದ ಕಾಲದಲ್ಲಿ ಇಲಿಗಳಿಗೆ ಕೊಡುವ ಆಹಾರದ ಗುಳಿಗೆಗಳನ್ನು ಕೈಯಾರೆ ತಯಾರಿಸಬೇಕಿತ್ತು, ದಿನಕ್ಕೆ 800. ಒಂದು ಶನಿವಾರ ಮಧ್ಯಾಹ್ನ ಲೆಕ್ಕ ಹಾಕಿದರೆ ದಾಸ್ತಾನು ಸೋಮವಾರ ಬೆಳಿಗ್ಗೆಗೇ ಮುಗಿಯುವಂತಿತ್ತು. ಪ್ರತಿ ಸಲ ಸನ್ನೆ ಒತ್ತಿದಾಗಲೂ ಗುಳಿಗೆ ಯಾಕೆ ಕೊಡಬೇಕು, ನಿಮಿಷಕ್ಕೊಂದು ಕೊಟ್ಟರಾಗದೇ ಎಂದುಕೊಂಡರು. ಇಲಿಗಳು ಒತ್ತುವುದನ್ನು ನಿಲ್ಲಿಸಲಿಲ್ಲ, ಒಂದೇ ಹದದಲ್ಲಿ ಒತ್ತುತ್ತಲೇ ಹೋದವು. ದಾಸ್ತಾನಿನ ಕೊರತೆಯಿಂದ ಹುಟ್ಟಿದ ಈ ದಾರಿಯೇ ಮುಂದೆ ಚಾರ್ಲ್ಸ್ ಫರ್ಸ್ಟರ್ ಜೊತೆಗೂಡಿ ನಡೆಸಿದ ಬೃಹತ್ ಅಧ್ಯಯನವಾಗಿ ಬೆಳೆಯಿತು. ಬಹುಮಾನ ಎಷ್ಟನೆಯ ಯತ್ನಕ್ಕೆ ಸಿಗುತ್ತದೆಂದು ಹೇಳಲಾಗದಂತೆ ಇಟ್ಟಾಗ ನಡವಳಿಕೆ ಅತ್ಯಂತ ಬಿರುಸಾಗಿರುತ್ತದೆ. ಬಹುಮಾನ ಪೂರ್ತಿ ನಿಂತ ಮೇಲೂ ಬಹುಕಾಲ ಸಾಯುವುದಿಲ್ಲ. ನಿರೀಕ್ಷಾ ದೋಷದ ಕಣ್ಣಿನಿಂದ ನೋಡಿದರೆ ಕಾರಣ ಸ್ಪಷ್ಟ. ಅಂಥ ಏರ್ಪಾಟಿನಲ್ಲಿ ಮುಳ್ಳು ಎಂದೂ ನಿಲ್ಲುವುದಿಲ್ಲ, ಸಿಕ್ಕಾಗಲೆಲ್ಲ ಏರುತ್ತದೆ. ಸಿಗದ ಸರಣಿ ಎಷ್ಟು ಉದ್ದವಾದರೂ ಅದು ಹಿಂದೆ ಕಂಡಂಥದ್ದೇ, ಇನ್ನು ಸಿಗುವುದಿಲ್ಲ ಎಂದು ಖಚಿತವಾಗಿ ಹೇಳುವ ಶಕ್ತಿ ಅದಕ್ಕಿಲ್ಲ. ಜೂಜಿನ ಯಂತ್ರಗಳು ನಡೆಯುವುದು ಇದರ ಮೇಲೆಯೇ.

1948ರಲ್ಲಿ ಸ್ಕಿನ್ನರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಹಸಿದ ಪಾರಿವಾಳ ಏನೇ ಮಾಡಲಿ, ಬಿಡಲಿ, ನಿಗದಿತ ಅಂತರದಲ್ಲಿ ಕಾಳು ತಾನಾಗಿ ಬರುವಂತೆ ಇಟ್ಟರು. 8 ಹಕ್ಕಿಗಳಲ್ಲಿ 6 ಹಕ್ಕಿಗಳು ಒಂದೊಂದು ವಿಚಿತ್ರ ಆಚರಣೆ ಬೆಳೆಸಿಕೊಂಡವು. ಒಂದು ಗಿರಗಿರನೆ ಅಪ್ರದಕ್ಷಿಣೆ ಸುತ್ತಿತು, ಇನ್ನೊಂದು ಗೂಡಿನ ಮೂಲೆಗೆ ತಲೆ ಚಾಚುತ್ತಿತ್ತು. ಕಾಳು ಬಂದ ಕ್ಷಣದಲ್ಲಿ ಏನು ಮಾಡುತ್ತಿದ್ದವೋ ಅದರಿಂದಲೇ ಬಂತು ಎಂಬಂತೆ ವರ್ತಿಸಿದವು. ಕಾಳು ಪೂರ್ತಿ ನಿಲ್ಲಿಸಿದ ಮೇಲೂ ಒಂದು ಹಕ್ಕಿ ತನ್ನ ಕುಣಿತವನ್ನು 10,000ಕ್ಕೂ ಹೆಚ್ಚು ಸಲ ಮಾಡಿದ ಮೇಲಷ್ಟೇ ಬಿಟ್ಟಿತು. 1971ರಲ್ಲಿ ಜಾನ್ ಸ್ಟ್ಯಾಡನ್ ಮತ್ತು ವರ್ಜೀನಿಯಾ ಸಿಮೆಲ್‌ಹ್ಯಾಗ್ ಪ್ರಯೋಗವನ್ನು ಇನ್ನಷ್ಟು ನಿಗಾ ವಹಿಸಿ ಮಾಡಿ ನೋಡಿದಾಗ, ಕಾಳಿನ ಹೊತ್ತು ಹತ್ತಿರವಾದಂತೆ ಹೆಚ್ಚಿನ ಹಕ್ಕಿಗಳು ತಮ್ಮ ಹುಟ್ಟುಗುಣದಂತೆ ಕುಕ್ಕುವುದನ್ನೇ ಕಂಡರು. ಆದ್ದರಿಂದ ಪಾರಿವಾಳಕ್ಕೆ ಮೂಢನಂಬಿಕೆ ಇದೆ ಎಂದು ಸಲೀಸಾಗಿ ಹೇಳುವಂತಿಲ್ಲ.

ಮನುಷ್ಯರ ವಿಷಯದಲ್ಲಿ ನನ್ನ ಆತಂಕ ಮಾತ್ರ ಹಾಗೇ ಉಳಿದಿದೆ. ಅದೃಷ್ಟದ ಉಂಗುರ ತೊಟ್ಟು ಪರೀಕ್ಷೆ ಬರೆದವರಿಗೆ ಆಗೊಮ್ಮೆ ಈಗೊಮ್ಮೆ ಒಳ್ಳೆಯ ಅಂಕ ಬರುವುದು ಸಹಜ. ಆ ‘ಆಗೊಮ್ಮೆ ಈಗೊಮ್ಮೆ’ಯೇ ನಂಬಿಕೆಯನ್ನು ಕಲ್ಲಿನಂತೆ ಗಟ್ಟಿ ಮಾಡುವ ಏರ್ಪಾಟು. ಪ್ರತಿ ಸಲವೂ ಫಲಿಸುತ್ತಿದ್ದರೆ, ಎರಡು ಸಲ ತಪ್ಪಿದ ಕೂಡಲೇ ಅನುಮಾನ ಬರುತ್ತಿತ್ತು. ಗೇಲಿಯಿಂದ ಇದು ಸಡಿಲುವುದಿಲ್ಲ. ಉಂಗುರ ಇದ್ದು ಗೆದ್ದದ್ದು, ಇದ್ದು ಸೋತದ್ದು, ಇಲ್ಲದೆ ಗೆದ್ದದ್ದು, ಇಲ್ಲದೆ ಸೋತದ್ದು ಎಂದು ನಾಲ್ಕು ಮನೆ ಹಾಕಿ ಬರೆದಿಡುವುದನ್ನು ಮಕ್ಕಳಿಗೆ ಕಲಿಸಬೇಕು. ನಮ್ಮ ನೆನಪು ಮೊದಲ ಮನೆಯನ್ನು ಬಿಟ್ಟು ಉಳಿದ ಮೂರನ್ನೂ ಒರೆಸಿಬಿಡುತ್ತದೆ.

ಅರ್ಥಶಾಸ್ತ್ರಜ್ಞರು ಬಹುಮಾನವನ್ನು ಬೆಲೆಯಾಗಿ ನೋಡಿದರು. ಅದರಿಂದ ಅವರಿಗೆ ಸಿಕ್ಕ ಒಳನೋಟ ದೊಡ್ಡದೇ. ಆದರೆ ಬಹುಮಾನದಂತೆ ಬೆಲೆಯೂ ಜನರಿಗೆ ಏನನ್ನೋ ಹೇಳುವ ಸುದ್ದಿ ಹೊತ್ತು ತರುತ್ತದೆ. ಇಸ್ರೇಲಿನ ಹೈಫಾ ನಗರದ 10 ಶಿಶುವಿಹಾರಗಳಲ್ಲಿ ಯೂರಿ ಗ್ನೀಜಿ ಮತ್ತು ಆಲ್ಡೊ ರುಸ್ಟಿಕಿನಿ ನಡೆಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಸಂಜೆ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಂದಿರಿಗೆ 6 ಕಡೆ 10 ಶೆಕೆಲ್ ದಂಡ ಹಾಕಲಾಯಿತು. ತಡವಾಗಿ ಬರುವವರು ಕಡಿಮೆಯಾಗಬೇಕಿತ್ತು, ಸುಮಾರು ಎರಡು ಪಟ್ಟಾದರು. ಮೊದಲು ತಡವಾಗುವುದು ಕಾದು ಕುಳಿತ ಶಿಕ್ಷಕಿಯ ಮುಂದೆ ತಲೆ ತಗ್ಗಿಸುವ ವಿಷಯವಾಗಿತ್ತು. ಈಗ ಅದು 10 ಶೆಕೆಲ್‌ಗೆ ಸಿಗುವ ಸೇವೆ. ಕೆಲವು ವಾರಗಳ ಮೇಲೆ ದಂಡ ತೆಗೆದರೂ ತಡ ಕಡಿಮೆಯಾಗಲಿಲ್ಲ. ಸಂಕೋಚಕ್ಕೆ ಒಮ್ಮೆ ಬೆಲೆ ಕಟ್ಟಿದ ಮೇಲೆ, ಬೆಲೆಯನ್ನು ಅಳಿಸಬಹುದು, ಸಂಕೋಚವನ್ನು ವಾಪಸು ತರುವುದು ಕಷ್ಟ.

ಬಹುಮಾನ ಹೇಳುವುದನ್ನು ಜನ ಅಕ್ಷರಶಃ ಕೇಳಿಸಿಕೊಳ್ಳುತ್ತಾರೆ ಎಂಬುದಕ್ಕೆ ನಾಗರಹಾವಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ: ದೆಹಲಿಯ ಬ್ರಿಟಿಷ್ ಆಡಳಿತ ಸತ್ತ ಹಾವಿಗೆ ಹಣ ಕೊಟ್ಟಿತಂತೆ, ಜನ ಹಾವು ಸಾಕಿದರಂತೆ. ಆ ಕಥೆಗೆ ಆ ಕಾಲದ ದಾಖಲೆಯ ಆಧಾರವಿಲ್ಲ. ಅದನ್ನು ಇತಿಹಾಸವೆಂಬಂತೆ ಹಂಚುವುದನ್ನು ದಯವಿಟ್ಟು ನಿಲ್ಲಿಸೋಣ. ಆಧಾರವಿರುವುದು ವಿಯೆಟ್ನಾಮಿನ ಹನೋಯ್ ನಗರದ ಇಲಿಗಳ ಕಥೆಗೆ. ಫ್ರೆಂಚ್ ಆಡಳಿತ ಕಟ್ಟಿಸಿದ ಹೊಸ ಒಳಚರಂಡಿಯಲ್ಲೇ ಇಲಿಗಳು ತುಂಬಿಕೊಂಡವು. ಪ್ಲೇಗಿನ ಭಯದಿಂದ 1902ರಲ್ಲಿ ಒಂದೊಂದು ಬಾಲಕ್ಕೆ ಇಷ್ಟು ಎಂದು ಹಣ ಕೊಡತೊಡಗಿದರು. ಬಾಲಗಳ ರಾಶಿ ಬಿತ್ತು. ಸ್ವಲ್ಪ ದಿನಕ್ಕೆ ಬಾಲವಿಲ್ಲದ ಇಲಿಗಳು ಊರಲ್ಲಿ ಓಡಾಡುವುದು ಕಂಡಿತು: ಬಾಲ ಕತ್ತರಿಸಿ ಬಿಟ್ಟರೆ ಅದು ಮರಿ ಹಾಕುತ್ತದೆ, ಮರಿಗೂ ಬಾಲವಿರುತ್ತದೆ. ಊರಾಚೆ ಇಲಿ ಸಾಕಣೆಯೇ ನಡೆದದ್ದು ಪತ್ತೆಯಾಯಿತು. ಮೈಕೆಲ್ ವ್ಯಾನ್ ಎಂಬ ಇತಿಹಾಸಕಾರ ಇದನ್ನು ಕಡತಗಳಿಂದ ಹೊರತೆಗೆದರು. ಇದರಲ್ಲಿ ಜನರ ಕುಟಿಲತೆ ಕಾಣುವವರ ಮಾತು ನನಗೆ ಒಪ್ಪಿಗೆಯಿಲ್ಲ. ಆಡಳಿತ ಕೇಳಿದ್ದು ಬಾಲ, ಜನ ಕೊಟ್ಟದ್ದೂ ಬಾಲ. 1991ರಲ್ಲಿ ಅರ್ಥಶಾಸ್ತ್ರಜ್ಞರಾದ ಬೆಂಗ್ಟ್ ಹೋಮ್‌ಸ್ಟ್ರಾಮ್ ಮತ್ತು ಪಾಲ್ ಮಿಲ್‌ಗ್ರಾಮ್ ಗಣಿತದಲ್ಲಿ ತೋರಿಸಿದ್ದು ಇದಕ್ಕೆ ಹತ್ತಿರದ್ದೇ: ಕೆಲಸಕ್ಕೆ ಹಲವು ಮುಖಗಳಿದ್ದು ಅಳೆಯಲಾಗುವ ಮುಖಕ್ಕಷ್ಟೇ ಬಹುಮಾನ ಕಟ್ಟಿದರೆ, ಶ್ರಮವೆಲ್ಲ ಅತ್ತ ಹರಿದು ಅಳೆಯಲಾಗದ ಮುಖ ಒಣಗುತ್ತದೆ. ಅಂಥಲ್ಲಿ ಬಹುಮಾನವೇ ಇಲ್ಲದ ಖಚಿತ ಸಂಬಳ ಮೇಲು.

ಮಕ್ಕಳ ವಿಷಯದಲ್ಲಿ ಸುದ್ದಿ ಇನ್ನೂ ಆಳಕ್ಕೆ ಇಳಿಯುತ್ತದೆ. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಪ್ರಕಟಿಸಿದ ಪ್ರಯೋಗಕ್ಕೆ ಆರಿಸಿದ್ದು ಚಿತ್ರ ಬರೆಯುವುದೆಂದರೆ ಮೊದಲೇ ಪ್ರಾಣ ಎಂಬಂಥ ಪುಟ್ಟ ಮಕ್ಕಳನ್ನು. ಕೆಲವರಿಗೆ, ಬರೆದರೆ ಚಿನ್ನದ ಬಣ್ಣದ ಮುದ್ರೆಯ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಕೆಲವರಿಗೆ ಬರೆದಾದ ಮೇಲೆ ದಿಢೀರನೆ ಅದೇ ಪತ್ರ ಕೊಟ್ಟರು. ಕೆಲವರಿಗೆ ಏನೂ ಇಲ್ಲ. ಒಂದೆರಡು ವಾರದ ಮೇಲೆ ಬಿಡುವಿನ ಹೊತ್ತಿನಲ್ಲಿ ಬಣ್ಣದ ಪೆನ್ನುಗಳನ್ನು ಇಟ್ಟು ನೋಡಿದರೆ, ಏನೂ ಸಿಗದ ಮಕ್ಕಳು ತಮ್ಮ ಸಮಯದ 16.7 ಶೇಕಡ, ದಿಢೀರ್ ಪತ್ರ ಪಡೆದವರು 18.1 ಶೇಕಡ, ಪತ್ರದ ಮಾತು ಮೊದಲೇ ಕೇಳಿ ಅದನ್ನು ಪಡೆದವರು ಬರೇ 8.6 ಶೇಕಡ ಚಿತ್ರಕ್ಕೆ ಕೊಟ್ಟರು. ಪತ್ರ ಎರಡೂ ಕಡೆ ಒಂದೇ. ಮುಂಚಿತವಾಗಿ ಒಡ್ಡಿದ ಪತ್ರ, ಇದು ಯಾರೋ ಬಯಸಿದ್ದಕ್ಕೆ ಮಾಡುವ ಕೆಲಸ ಎಂದು ಮಗುವಿಗೆ ಹೇಳಿಬಿಟ್ಟಿತ್ತು. ಈ ಫಲಿತಾಂಶದ ಸುತ್ತ ಬಿಸಿಬಿಸಿ ವಾಗ್ವಾದ ನಡೆದಿದೆ. 1999ರಲ್ಲಿ ಎಡ್ವರ್ಡ್ ಡೆಸಿ ಮತ್ತು ಸಂಗಡಿಗರು 128 ಪ್ರಯೋಗಗಳನ್ನು ಒಟ್ಟಾಗಿ ತೂಗಿ, ಮೊದಲೇ ಹೇಳಿ ಕೊಡುವ ವಸ್ತುರೂಪದ ಬಹುಮಾನ ಆಸಕ್ತಿಯನ್ನು ಕುಗ್ಗಿಸುತ್ತದೆ, ಮೆಚ್ಚುಗೆಯ ಮಾತು ಹಿಗ್ಗಿಸುತ್ತದೆ ಎಂದರು. ಮೊದಲೇ ಬೇಸರದ ಕೆಲಸಕ್ಕೆ ಇದು ಅನ್ವಯಿಸುವುದಿಲ್ಲ. ಅಲ್ಲಿ ಕುಗ್ಗಲು ಆಸಕ್ತಿಯೇ ಇರುವುದಿಲ್ಲ.

ಹಾಗೆಂದು ಬಹುಮಾನವೇ ಕೆಟ್ಟದ್ದು ಎನ್ನುವವರ ಜೊತೆಗೂ ನಾನಿಲ್ಲ. ಅದು ಜೀವ ಉಳಿಸುವ ಜಾಗವೊಂದಿದೆ. ಮಾಮೂಲಿ ಬಹುಮಾನ ಪೂರ್ತಿ ನಿರೀಕ್ಷಿತವಾದ ಮೇಲೆ ನಿರೀಕ್ಷಾ ದೋಷ ಸೊನ್ನೆಗೆ ಇಳಿಯುತ್ತದೆ ಎಂದೆನಲ್ಲ, ಕೊಕೇನ್ ಆ ನಿಯಮವನ್ನು ಮುರಿಯುತ್ತದೆ. ಬಿಡುಗಡೆಯಾದ ಡೋಪಮಿನ್ ಅನ್ನು ನರಕೋಶ ಹಿಂದಕ್ಕೆ ಎಳೆದುಕೊಳ್ಳುವ ದಾರಿಯನ್ನೇ ಅದು ಮುಚ್ಚುತ್ತದೆ. ಹೀಗಾಗಿ ನಿರೀಕ್ಷೆ ಎಷ್ಟೇ ಏರಿದರೂ ಮಿದುಳಿಗೆ ಪ್ರತಿ ಸಲ ‘ನೆನೆಸಿದ್ದಕ್ಕಿಂತ ಮೇಲು’ ಎಂಬ ಸುಳ್ಳು ಸುದ್ದಿಯೇ ಹೋಗುತ್ತದೆ ಎಂದು 2004ರಲ್ಲಿ ಡೇವಿಡ್ ರೆಡಿಶ್ ಒಂದು ಗಣಿತ ಮಾದರಿಯನ್ನು ಮಂಡಿಸಿದರು. ಇಂಥ ಎದುರಾಳಿಯ ಮುಂದೆ ಬುದ್ಧಿಮಾತು ನಿಲ್ಲುವುದು ಕಷ್ಟ. ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಸ್ಟೀಫನ್ ಹಿಗಿನ್ಸ್ 1990ರ ದಶಕದಲ್ಲಿ ವ್ಯಸನಿಗಳ ಮೂತ್ರದ ಮಾದರಿ ಪರೀಕ್ಷಿಸಿ, ಕೊಕೇನ್ ಇಲ್ಲದಿದ್ದರೆ ಸಾಮಾನು ಕೊಳ್ಳುವ ಚೀಟಿಯೊಂದನ್ನು ತಡಮಾಡದೆ ಕೊಡತೊಡಗಿದರು. ಸತತವಾಗಿ ಶುದ್ಧವಿದ್ದಷ್ಟೂ ಚೀಟಿಯ ಬೆಲೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. ಒಮ್ಮೆ ಜಾರಿದರೆ ಮತ್ತೆ ಮೊದಲ ಮೆಟ್ಟಿಲು. ಪ್ರತಿ ಸಲ ಹಿಂದಿನದ್ದಕ್ಕಿಂತ ಸ್ವಲ್ಪ ಹೆಚ್ಚು ಸಿಗುವಂಥ ಏರ್ಪಾಟು ಅದು. 1994ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಚೀಟಿ ಪಡೆದವರ ಪೈಕಿ 75 ಶೇಕಡ ಮಂದಿ 24 ವಾರಗಳ ಚಿಕಿತ್ಸೆಯನ್ನು ಪೂರೈಸಿದ್ದರು, ಚೀಟಿ ಇಲ್ಲದವರಲ್ಲಿ 40 ಶೇಕಡ. ಎರಡೂ ಗುಂಪಿಗೆ ಸಮಾಲೋಚನೆ ಒಂದೇ ಆಗಿತ್ತು, ಅದರಲ್ಲಿ ಉದ್ಯೋಗ ಹುಡುಕಿಕೊಡುವುದು, ಮುರಿದ ಸಂಬಂಧ ಕೂಡಿಸುವುದು, ಹೊಸ ಹವ್ಯಾಸ ಹಚ್ಚುವುದು ಎಲ್ಲವೂ ಸೇರಿದ್ದವು. ಚೀಟಿ ನಿಂತ ಮೇಲೆ ಅದರ ಪ್ರಭಾವ ಬರಬರುತ್ತಾ ಸವೆಯುತ್ತದೆ. ಅಷ್ಟರೊಳಗೆ ಕೆಲಸ, ಮನೆ, ಸ್ನೇಹಿತರು ತಮ್ಮದೇ ಬಹುಮಾನ ಕೊಡಲು ಶುರು ಮಾಡಿರಬೇಕು. ಚಿಕಿತ್ಸೆಯ ವೇಳಾಪಟ್ಟಿಯನ್ನು ಹೆಣೆಯುವುದೇ ಆ ಲೆಕ್ಕದಲ್ಲಿ.