ಅಂಟಿಲ್ಲದೆ ಬೆಸೆಯುವ ನಾರು

ಉಡುಪಿಯ ಕಡೆಯ ಮನೆಗಳಲ್ಲಿ ಮದುವೆ, ದೈವಗಳ ನೇಮ, ದೇವಸ್ಥಾನದ ಬ್ರಹ್ಮಕಲಶಗಳ ಆಮಂತ್ರಣ ಪತ್ರಿಕೆಗಳೂ ಮಕ್ಕಳ ಹಳೆಯ ನೋಟ್‌ಪುಸ್ತಕಗಳೂ ವರ್ಷವಿಡೀ ರಾಶಿ ಬೀಳುತ್ತವೆ. ಪ್ಲಾಸ್ಟಿಕ್ ಪದರವಿರುವ ಪತ್ರಿಕೆಗಳನ್ನೂ ರಾಸಾಯನಿಕ ಲೇಪನವಿರುವ ಅಂಗಡಿಯ ಬಿಲ್ಲುಗಳನ್ನೂ ಬೇರ್ಪಡಿಸಿ, ಉಳಿದ ರದ್ದಿಯನ್ನು ರಾತ್ರಿಯಿಡೀ ನೆನೆಸಿ, ಮಿಕ್ಸಿಯಲ್ಲಿ ಅರೆದು, ಧಾರಾಳ ನೀರಿನಲ್ಲಿ ಕದಡಿ, ಸೊಳ್ಳೆಬಲೆ ಬಿಗಿದ ಮರದ ಚೌಕಟ್ಟಿನಿಂದ ಸೋಸಿ ಒಣಗಿಸಿದರೆ ಹೊಸ ಹಾಳೆ ಸಿದ್ಧವಾಗುತ್ತದೆ.

ಇದಕ್ಕೆ ಅಂಟು ಬೇಕಿಲ್ಲವೆಂಬುದೇ ನನಗೆ ಅತ್ಯಂತ ಸುಂದರವಾಗಿ ಕಾಣುವ ಸಂಗತಿ. ಕಾಗದದ ನಾರು ಮುಖ್ಯವಾಗಿ ಸೆಲ್ಯುಲೋಸ್ ಎಂಬ ಸಸ್ಯವಸ್ತು. ಅದರ ಸರಪಳಿಯ ಪ್ರತಿ ಗ್ಲೂಕೋಸ್ ಕೊಂಡಿಯಲ್ಲೂ 3 ಹೈಡ್ರಾಕ್ಸಿಲ್ ಗುಂಪುಗಳು, ಅಂದರೆ ಆಮ್ಲಜನಕ ಮತ್ತು ಜಲಜನಕದ ಜೋಡಿಗಳು, ಇರುತ್ತವೆ. ಒದ್ದೆ ನಾರುಗಳಲ್ಲಿ ಈ ಗುಂಪುಗಳು ನೀರಿನ ಅಣುಗಳನ್ನು ಹಿಡಿದುಕೊಂಡಿರುತ್ತವೆ. ನೀರು ಆರುತ್ತ ಹೋದಂತೆ ಅದರ ಮೇಲ್ಮೈ ಸೆಳೆತವು ಪಕ್ಕಪಕ್ಕದ ನಾರುಗಳನ್ನು ಒಂದಕ್ಕೊಂದು ತೀರ ಹತ್ತಿರಕ್ಕೆ ಎಳೆಯುತ್ತದೆ. ಕೊನೆಗೆ ನೀರನ್ನು ಬಿಟ್ಟ ಹೈಡ್ರಾಕ್ಸಿಲ್ ಗುಂಪುಗಳು ನೆರೆಯ ನಾರಿನೊಡನೆ ಹೈಡ್ರೋಜನ್ ಬಂಧಗಳನ್ನು ಕಟ್ಟಿಕೊಳ್ಳುತ್ತವೆ. ಬಿಡಿಯಾಗಿ ದುರ್ಬಲವಾದ ಈ ಬಂಧಗಳು ಅಪಾರ ಸಂಖ್ಯೆಯಲ್ಲಿರುವುದರಿಂದಲೇ ಹಾಳೆ ಗಟ್ಟಿಯಾಗುತ್ತದೆ, ಮತ್ತೆ ನೀರು ಬಿದ್ದಾಗ ಸಡಿಲವಾಗುತ್ತದೆ.

ಹಾಗಾದರೆ ಒಂದೇ ಕಾಗದವನ್ನು ಎಷ್ಟು ಬಾರಿಯಾದರೂ ಅರೆಯಬಹುದೇ? ಇಲ್ಲ. ಒಮ್ಮೆ ಒಣಗಿದ ನಾರು ಮತ್ತೆ ನೆನೆದಾಗ ಮೊದಲಿನಷ್ಟು ಉಬ್ಬುವುದಿಲ್ಲ, ಬಳುಕುವುದೂ ಕಡಿಮೆ. ಮಿಕ್ಸಿಯ ಬ್ಲೇಡು ಅದನ್ನು ಇನ್ನಷ್ಟು ಗಿಡ್ಡಗೊಳಿಸುತ್ತದೆ. ಆದ್ದರಿಂದ ಅರೆಯುವುದು ಸ್ವಲ್ಪ ಹೊತ್ತು ಸಾಕು. ಬಲ ಬೇಕಿದ್ದರೆ ಕಂದು ಲಕೋಟೆಯ ಚೂರುಗಳನ್ನು ಬೆರೆಸುವುದು ಒಳ್ಳೆಯದು, ಏಕೆಂದರೆ ಅವುಗಳಲ್ಲಿ ಸಾಮಾನ್ಯವಾಗಿ ಉದ್ದ ನಾರು ಹೆಚ್ಚು. ದಿನಪತ್ರಿಕೆಯ ಕಾಗದದಲ್ಲಿ ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ವಸ್ತು ಉಳಿದಿರುವುದರಿಂದ ಅದರ ಹಾಳೆ ಬೆಳಕಿಗೆ ಬೇಗ ಹಳದಿಯಾಗುತ್ತದೆ.

ಕರಾವಳಿಯಲ್ಲಿ ನಿಜವಾದ ಕಷ್ಟ ಒಣಗಿಸುವುದರಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ತೇವದಿಂದ ತುಂಬಿರುವಾಗ ಹಾಳೆ ಆರುವ ಮುನ್ನವೇ ಬೂಷ್ಟು ಹಿಡಿಯಬಹುದು. ಹಾಳೆಗಳನ್ನು ಹತ್ತಿಬಟ್ಟೆಗಳ ನಡುವೆ ಇಟ್ಟು, ಮೇಲೆ ಭಾರ ಹೇರಿ ನೀರನ್ನು ಚೆನ್ನಾಗಿ ಹಿಂಡಿದರೆ ಆರಬೇಕಾದ ನೀರು ಕಡಿಮೆಯಾಗುತ್ತದೆ, ನಾರುಗಳು ಹತ್ತಿರವಾಗಿ ಹಾಳೆಯೂ ಬಲಗೊಳ್ಳುತ್ತದೆ. ಶಾಯಿ ಹರಡದಂತೆ ತೆಳುವಾದ ಗಂಜಿ ತಿಳಿಯನ್ನು ಸವರಬಹುದಾದರೂ ಪಿಷ್ಟವು ಬೂಷ್ಟಿಗೂ ಕಾಗದ ತಿನ್ನುವ ಬೆಳ್ಳಿಮೀನು (ಸಿಲ್ವರ್‌ಫಿಶ್) ಹುಳಕ್ಕೂ ಆಹಾರವಾದ್ದರಿಂದ, ಆ ಕೆಲಸವನ್ನು ಮಳೆ ಕಳೆದು ಬಿಸಿಲು ಗಟ್ಟಿಯಾಗುವ ಡಿಸೆಂಬರ್, ಜನವರಿಗೆ ಇಟ್ಟುಕೊಳ್ಳುವುದು ಲೇಸು.