ಕತ್ತಿನಲ್ಲೊಂದು ಗಂಟು: ಟಿಬಿಯೋ, ಲಿಂಫೋಮಾವೋ?

ಹೊಸೂರು ರಸ್ತೆ ಕಡೆಯ ನಿಮ್ಹಾನ್ಸ್ ಆಸುಪಾಸಿನಲ್ಲಿ ಎದೆರೋಗಗಳ ಸರ್ಕಾರಿ ಆಸ್ಪತ್ರೆ ಇದೆ. ಹಳಬರಿಗೆ ಅದು ಈಗಲೂ ಟಿಬಿ ಸ್ಯಾನಿಟೋರಿಯಂ. ಅಲ್ಲೇ ಹತ್ತಿರದಲ್ಲಿ, 1973ರಲ್ಲಿ ಶುರುವಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ. ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಆದರೆ ಕತ್ತಿನಲ್ಲಿ ಗಂಟು ಕಾಣಿಸಿಕೊಂಡ ಕೆಲವರಿಗೆ ಟಿಬಿ ಎಂಬ ಗುಮಾನಿಯಿಂದ ಲಿಂಫೋಮಾ ಎಂಬ ಕ್ಯಾನ್ಸರ್ ಗೊತ್ತಾಗುವವರೆಗಿನ ದಾರಿ ಸವೆಯಲು ತಿಂಗಳುಗಟ್ಟಲೆ ಬೇಕಾಗುತ್ತದೆ.

ನನ್ನ ದೊಡ್ಡಮ್ಮನ ಮಗನಿಗೆ ಆದದ್ದೂ ಇದೇ. ಶೇವ್ ಮಾಡುವಾಗ ಕೈಗೆ ಸಿಕ್ಕ ಗಂಟು. ನೋವಿಲ್ಲ. ಸಂಜೆ ಸಣ್ಣ ಜ್ವರ, ರಾತ್ರಿ ಬನಿಯನ್ ಹಿಂಡುವಷ್ಟು ಬೆವರು, ದಿನೇ ದಿನೇ ಸಡಿಲವಾಗುವ ಪ್ಯಾಂಟು. ಮನೆ ಹತ್ತಿರದ ನರ್ಸಿಂಗ್ ಹೋಮ್‌ನಲ್ಲಿ ಸೂಜಿ ಚುಚ್ಚಿ ನೋಡಿದರು. ರಿಪೋರ್ಟ್ ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ. 'ಟಿಬಿ ಇರಬೇಕು' ಎಂದು ಮಾತ್ರೆ ಶುರು ಮಾಡಿದರು. ನಾಲ್ಕು ತಿಂಗಳಲ್ಲಿ ಒಂದು ಗಂಟು ಮೂರಾಯಿತು.

ಅವರನ್ನು ಪೂರ್ತಿ ಬೈಯುವ ಹಾಗೂ ಇಲ್ಲ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲೇ ಇದ್ದಾರೆ. ಗ್ರಂಥಿಗೆ ಟಿಬಿ ಬಂದರೂ ಜ್ವರ, ಬೆವರು, ತೂಕ ಇಳಿಯುವುದು ಎಲ್ಲ ಹೀಗೇ. ಈ ಗೊಂದಲಕ್ಕೆ ಕಾಯಿಲೆಯಷ್ಟೇ ವಯಸ್ಸಾಗಿದೆ.

ನಮ್ಮ ಮೈಯಲ್ಲಿ ರಕ್ತನಾಳಗಳ ಜೊತೆ ಇನ್ನೊಂದು ನಾಳಗಳ ಜಾಲ ಇದೆ. ಅದರಲ್ಲಿ ಹರಿಯುವುದು ದುಗ್ಧರಸ. ದಾರಿಯುದ್ದಕ್ಕೂ ನೂರಾರು ಪುಟ್ಟ ಗ್ರಂಥಿಗಳು, ಚೆಕ್‌ಪೋಸ್ಟ್ ಇದ್ದ ಹಾಗೆ. ಕಾಲಿಗೆ ಗಾಯವಾದರೆ ತೊಡೆಸಂದಿನಲ್ಲಿ ಗಂಟು ಏಳುತ್ತದಲ್ವಾ, ಅದು ಅಲ್ಲಿನ ಕಾವಲುಗಾರರ ಗದ್ದಲ. ಆ ಕಾವಲುಗಾರರೇ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು. ಅವು ಹದ ತಪ್ಪಿ, ಕಾರಣವಿಲ್ಲದೆ ಬೆಳೆಯುತ್ತಾ ಹೋದರೆ ಅದು ಲಿಂಫೋಮಾ.

1832ರಲ್ಲಿ ಲಂಡನ್ನಿನ ಥಾಮಸ್ ಹಾಡ್ಜ್‌ಕಿನ್ ಇದರ ಒಂದು ಬಗೆಯನ್ನು ಮೊದಲು ವಿವರಿಸಿದರು. ಅದಕ್ಕೆ ಈಗ ಅವರದೇ ಹೆಸರು, ಹಾಡ್ಜ್‌ಕಿನ್ ರೋಗ. ಶವಪರೀಕ್ಷೆಯಲ್ಲಿ ಬರಿಗಣ್ಣಿಗೆ ಕಂಡ ಗ್ರಂಥಿಗಳೇ ಅವರಿಗೆ ಆಧಾರ. ಅವರು ಬರೆದ 7 ಮಂದಿಯಲ್ಲಿ ಕೆಲವರಿಗೆ ಇದ್ದದ್ದು ಬೇರೆ ಕಾಯಿಲೆ ಎಂದು ಆಮೇಲೆ ಗೊತ್ತಾಯಿತು. ಕಾಯಿಲೆಗೆ ಯಾರ ಹೆಸರಿದೆಯೋ ಅವರಿಗೇ ಗುರುತು ತಪ್ಪಿತ್ತು!

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಜನ ಹೆದರಿ ಮುಟ್ಟಿ ನೋಡಿಕೊಳ್ಳುತ್ತಿದ್ದ ಕಂಕುಳಿನ, ತೊಡೆಸಂದಿನ ಗಂಟುಗಳು ಇದೇ ದುಗ್ಧರಸ ಗ್ರಂಥಿಗಳು. ನಮ್ಮವರು ಪ್ಲೇಗ್ ಮಾರಮ್ಮನಿಗೆ ಕೈ ಮುಗಿಯುತ್ತಿದ್ದ ಅದೇ ವರ್ಷ ವಿಯೆನ್ನಾದ ಕಾರ್ಲ್ ಸ್ಟರ್ನ್‌ಬರ್ಗ್ ಮೈಕ್ರೋಸ್ಕೋಪಿನಲ್ಲಿ ಹಾಡ್ಜ್‌ಕಿನ್ ರೋಗದ ವಿಚಿತ್ರ ಜೀವಕೋಶವನ್ನು ವಿವರಿಸಿದರು. ದೊಡ್ಡದು, ಗೂಬೆ ಕಣ್ಣಿನ ಹಾಗೆ ಕಾಣುವಂಥದ್ದು. ಆದರೆ ಇದು ಟಿಬಿಯದೇ ಒಂದು ಬಗೆ ಎಂದುಕೊಂಡರು. 1902ರಲ್ಲಿ ಅಮೆರಿಕದ ಡೊರೊಥಿ ರೀಡ್ ಟಿಬಿ ಬೇರೆ, ಇದು ಬೇರೆ ಎಂದು ಗಟ್ಟಿಯಾಗಿ ಹೇಳಿದರು. ಅಷ್ಟು ಹೊತ್ತಿಗೆ 70 ವರ್ಷ ಕಳೆದಿತ್ತು.

ಈ ಗೂಬೆಕಣ್ಣಿನ ಕೋಶ ಗ್ರಂಥಿಯಲ್ಲಿ ತೀರಾ ಕಡಿಮೆ ಇರುತ್ತದೆ. ಸುತ್ತ ಎಲ್ಲ ಮಾಮೂಲಿ ಕೋಶಗಳ ಸಂತೆ. ಸೂಜಿಗೆ ಅದು ಸಿಗದೇ ಹೋಗಬಹುದು. ಸಿಕ್ಕರೂ ಕೋಶಗಳು ಹೇಗೆ ಜೋಡಿಸಿಕೊಂಡು ಕೂತಿದ್ದವು ಎನ್ನುವುದು ತಿಳಿಯುವುದಿಲ್ಲ. ರಂಗೋಲಿ ಹೇಗಿತ್ತು ಎಂದು ಕೇಳಿದರೆ ಒಂದು ಚಿಟಿಕೆ ಪುಡಿ ತಂದು ತೋರಿಸಿದ ಹಾಗೆ. ಅದಕ್ಕೇ ಸಾಧ್ಯವಾದ ಕಡೆ ಇಡೀ ಗ್ರಂಥಿಯನ್ನೇ ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಅದಕ್ಕೆ ಬಗೆಬಗೆಯ ಬಣ್ಣ ಹಾಕಿ, ಕೋಶದ ಮೇಲಿನ ಗುರುತು ನೋಡಿ, ಹಾಡ್ಜ್‌ಕಿನ್ನೋ ನಾನ್-ಹಾಡ್ಜ್‌ಕಿನ್ನೋ (ಅಂದರೆ ಉಳಿದ ಲಿಂಫೋಮಾಗಳೋ), ಅದರಲ್ಲೂ ಯಾವ ಬಗೆ ಎಂದು ಹೇಳುತ್ತಾರೆ. ಬಯಾಪ್ಸಿಗೆ ಮೊದಲೇ ಸುಮ್ನೆ ಸ್ಟೀರಾಯ್ಡ್ ಕೊಟ್ಟರೆ ಇನ್ನೊಂದು ಪೇಚು. ಗಂಟು ತಾತ್ಕಾಲಿಕವಾಗಿ ಕರಗಿ, ಗುರುತೇ ಅಳಿಸಿಹೋಗಬಹುದು.

ಆಮೇಲೆ ಪೆಟ್ ಸ್ಕ್ಯಾನ್ ಮಾಡಿ, ಕಾಯಿಲೆ ಎಷ್ಟು ಹರಡಿದೆ ಎಂದು ನೋಡಿ ಸ್ಟೇಜ್ ಹೇಳುತ್ತಾರೆ. ಇಲ್ಲಿ ಒಂದು ಮಾತು. ನಾಲ್ಕನೇ ಸ್ಟೇಜ್ ಎಂದರೆ ನಮ್ಮ ಜನ ಮನೆ ಮುಂದೆ ಶಾಮಿಯಾನ ಹಾಕಿದಷ್ಟು ಹೆದರುತ್ತಾರೆ. ಲಿಂಫೋಮಾದಲ್ಲಿ ಆ ಲೆಕ್ಕ ಬೇರೆ. ನಾಲ್ಕನೇ ಸ್ಟೇಜಿನಲ್ಲಿ ಬಂದು ಪೂರ್ತಿ ಗುಣವಾದವರೂ ಸಾಕಷ್ಟು ಜನ ಇದ್ದಾರೆ.

ಹಾಗಾಗಲು ಕಾರಣವಾದ ಔಷಧಿಗಳ ಕಥೆ ಯುದ್ಧದಿಂದ ಶುರುವಾಗುತ್ತದೆ. ಮಸ್ಟರ್ಡ್ ಗ್ಯಾಸ್ ಎಂಬ ಯುದ್ಧದ ವಿಷಾನಿಲ ತಗುಲಿದವರಲ್ಲಿ ಬಿಳಿ ರಕ್ತಕಣ ಕುಸಿಯುವುದನ್ನು ವೈದ್ಯರು ಗಮನಿಸಿದ್ದರು. ಅದರ ಸಂಬಂಧಿ ನೈಟ್ರೋಜನ್ ಮಸ್ಟರ್ಡನ್ನು 1942ರಲ್ಲಿ ಅಮೆರಿಕದ ಯೇಲ್‌ನಲ್ಲಿ ಒಬ್ಬ ಲಿಂಫೋಮಾ ರೋಗಿಗೆ ಕೊಟ್ಟರು. ಗಂಟುಗಳು ಕರಗಿದವು. ಮತ್ತೆ ಬಂದವು. ಆದರೂ ಔಷಧಿಯಿಂದ ಕ್ಯಾನ್ಸರ್ ಇಳಿಯುತ್ತದೆ ಎಂದು ಗೊತ್ತಾಯಿತು.

ಇನ್ನೊಂದು ಔಷಧಿ ನಮ್ಮ ಕಾಂಪೌಂಡಿನದೇ. 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಅವರಿಗೆ ಜಮೈಕಾದಿಂದ ಒಂದಿಷ್ಟು ಎಲೆ ಬಂತು. ಅಲ್ಲಿನವರು ಅದನ್ನು ಸಕ್ಕರೆ ಕಾಯಿಲೆಗೆ ಕುದಿಸಿ ಕುಡಿಯುತ್ತಿದ್ದರು. ಪರೀಕ್ಷೆ ಮಾಡಿದರೆ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿಯಿತು. ಅದರಿಂದ ಬಂದದ್ದು ವಿನ್‌ಬ್ಲಾಸ್ಟಿನ್. ಆ ಗಿಡವೇ ನಮ್ಮ ನಿತ್ಯಪುಷ್ಪ. ಇದನ್ನು ಹೇಳಿದಾಗ ದೊಡ್ಡಮ್ಮ, 'ಅಯ್ಯೋ, ದನಾನೂ ಮೂಸಲ್ವಲ್ಲೋ ಅದನ್ನ' ಎಂದರು. ದನ ಮಾಡುವುದೇ ಸರಿ. ಎಲೆ ಅಗಿದರೆ ಕ್ಯಾನ್ಸರ್ ಹೋಗುವುದಿಲ್ಲ, ವಿಷ ಹೊಟ್ಟೆಗೆ ಹೋಗುತ್ತದೆ.

1960ರ ದಶಕದಲ್ಲಿ ಅಮೆರಿಕದವರು ನಾಲ್ಕು ಔಷಧಿ ಬೆರೆಸಿ ಕೊಟ್ಟು, ಮುಂದುವರಿದ ಹಾಡ್ಜ್‌ಕಿನ್ ಕೂಡ ಗುಣವಾಗುತ್ತದೆ ಎಂದು ತೋರಿಸಿದರು. 1975ರಲ್ಲಿ ಇಟಲಿಯ ಬೊನಡೊನ್ನಾ ತಂಡ ಎಬಿವಿಡಿ ಎಂಬ ಕಡಿಮೆ ಅಪಾಯದ ಕೂಟ ತಂದಿತು. ಅದರಲ್ಲಿನ 'ವಿ' ನಿತ್ಯಪುಷ್ಪದ ವಿನ್‌ಬ್ಲಾಸ್ಟಿನ್. 1997ರಲ್ಲಿ ಲಿಂಫೋಸೈಟುಗಳಲ್ಲಿ ಬಿ-ಕಣ ಎಂಬ ಬಗೆಯನ್ನೇ ಗುರಿಯಿಟ್ಟು ಹೊಡೆಯುವ ರಿಟುಕ್ಸಿಮ್ಯಾಬ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 2007ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಅದನ್ನೇ ಹೋಲುವ ಔಷಧಿಯನ್ನು ಕಡಿಮೆ ಬೆಲೆಗೆ ಮಾರುಕಟ್ಟೆಗೆ ಬಿಟ್ಟಿತು.

ಈಗಿನ ಸುದ್ದಿ ಕಾರ್-ಟಿ ಚಿಕಿತ್ಸೆ. ರೋಗಿಯದೇ ಟಿ-ಕಣಗಳನ್ನು (ಇವು ಲಿಂಫೋಸೈಟಿನ ಇನ್ನೊಂದು ಬಗೆ) ಹೊರತೆಗೆದು, ಕ್ಯಾನ್ಸರ್ ಗುರುತಿಸುವಂತೆ ಲ್ಯಾಬಿನಲ್ಲಿ ಬದಲಾಯಿಸಿ, ಮತ್ತೆ ಮೈಗೆ ಬಿಡುತ್ತಾರೆ. ಐಐಟಿ ಬಾಂಬೆಯಲ್ಲಿ ಹುಟ್ಟಿದ ಚಿಕಿತ್ಸೆಗೆ 2023ರಲ್ಲಿ ಒಪ್ಪಿಗೆ ಸಿಕ್ಕಿತು. 2025ರ ಜನವರಿಯಲ್ಲಿ ಬೆಂಗಳೂರಿನ ಇಮ್ಯುನೀಲ್ ಕಂಪನಿ ಕೂಡ ತನ್ನದೊಂದನ್ನು ತಂದಿತು. ಹತ್ತಾರು ಲಕ್ಷದ ಮಾತು. ಬೇರೆ ಔಷಧಿಗೆ ಬಗ್ಗದ ಕೆಲವು ಬಿ-ಕಣದ ಕ್ಯಾನ್ಸರ್‌ಗಳಿಗೆ ಮಾತ್ರ.

ದೊಡ್ಡಮ್ಮನ ಮಗನೂ ಪೇಪರಿನಲ್ಲಿ ಓದಿಕೊಂಡು ಇದರ ಬಗ್ಗೆ ವಿಚಾರಿಸಿದ್ದ. ಅಷ್ಟರಲ್ಲಿ ಇಡೀ ಗ್ರಂಥಿ ತೆಗೆದು ನೋಡಿ, ಹಾಡ್ಜ್‌ಕಿನ್ ಎಂದು ಗೊತ್ತಾಗಿ, ಎಬಿವಿಡಿ ಡ್ರಿಪ್ಪುಗಳೂ ಮುಗಿದಿದ್ದವು. ಡಾಕ್ಟರ್ ಸ್ಕ್ಯಾನ್ ಹಿಡಿದು ನಕ್ಕರಂತೆ: 'ನಿಮಗೆ ಅದೆಲ್ಲ ಯಾಕ್ರೀ? ನಿಮ್ಮದು ಹಳೇ ಔಷಧಿಗೇ ಹೋಗಿದೆ.'